ಹಾಲು ನೀರಾಗಿಲ್ಲ, ಬಾಣಂತಿಯ ತಟ್ಟೆ ಬರಿದಾಗಿದೆ

ಅವಧಿಗೆ ಮುಂಚೆ ಹುಟ್ಟಿದ ಮಗು ತೂಕ ಹಾಕ್ತಿಲ್ಲ ಅಂದರೆ ಸಾಕು, ಮನೆಯಲ್ಲಿ ಮೊದಲು ಬರುವ ಮಾತು "ಹಾಲು ನೀರಾಗಿದೆ, ಏನೋ ತಿಂದಿದ್ದಾಳೆ." ಮಾರನೇ ದಿನದಿಂದ ಪಥ್ಯ ಇನ್ನಷ್ಟು ಬಿಗಿ. ಈ ಲೆಕ್ಕವೇ ತಪ್ಪು.

ಒಂದು ಕೆ.ಜಿ. ತೂಕದ ಮಗು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ದಿನಕ್ಕೆ ಸುಮಾರು 160 ಮಿ.ಲೀ. ಹಾಲು ಕುಡಿಯುತ್ತದೆ ಅನ್ನಿ. ಬೇಗ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ವಾರಗಳಲ್ಲಿ ಪ್ರೋಟೀನ್ ಹೆಚ್ಚಿರುತ್ತದೆ, ಆಮೇಲೆ 100 ಮಿ.ಲೀ.ಗೆ 1.2 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಮಗುವಿಗೆ ಸಿಗುವುದು 2 ಗ್ರಾಂ, ಬೇಕಾದ್ದು 3.5ರಿಂದ 4 ಗ್ರಾಂ. ತಾಯಿ ದಿನಕ್ಕೆ ಆರು ಮೊಟ್ಟೆ ತಿಂದರೂ ಈ ಕೊರತೆ ತುಂಬುವುದಿಲ್ಲ. ಹಾಲಿನ ಪ್ರೋಟೀನ್, ಕ್ಯಾಲ್ಸಿಯಂ, ಕಬ್ಬಿಣದ ಪ್ರಮಾಣ ತಾಯಿಯ ಊಟದ ಮೇಲೆ ಅಷ್ಟಾಗಿ ನಿಂತಿಲ್ಲ. ಅದಕ್ಕೇ ತೀರಾ ಚಿಕ್ಕ ಮಕ್ಕಳಿಗೆ ಡಾಕ್ಟರ್ ಎದೆಹಾಲಿಗೆ ಫೋರ್ಟಿಫೈಯರ್, ಅಂದರೆ ಪ್ರೋಟೀನ್, ಖನಿಜ ಸೇರಿದ ಪುಡಿ ಬೆರೆಸುವುದು. ಎಷ್ಟು ಹಾಲಿಗೆ ಎಷ್ಟು ಪುಡಿ ಅನ್ನುವುದು ಅವರೇ ಹೇಳಬೇಕು. ಬೇಗ ದಪ್ಪವಾಗಲಿ ಅಂತ ಒಂದು ಚಿಟಿಕೆ ಜಾಸ್ತಿ ಹಾಕಿದರೆ ಎಳೆ ಕರುಳು ಅದನ್ನು ತಡೆದುಕೊಳ್ಳುವುದಿಲ್ಲ.

ಹಾಗಾದರೆ ಊಟಕ್ಕೆ ಬೆಲೆಯೇ ಇಲ್ಲವೇ? ಇದೆ, ಬೇರೆ ಕಡೆ. ಬಿ1, ಬಿ12, ಎ ವಿಟಮಿನ್, ಅಯೋಡಿನ್, ಡಿಎಚ್‌ಎ (ಮಿದುಳಿಗೆ ಬೇಕಾದ ಒಂದು ಬಗೆಯ ಕೊಬ್ಬು) ಇವೆಲ್ಲ ತಟ್ಟೆಯಿಂದಲೇ ಹಾಲಿಗೆ ಇಳಿಯುತ್ತವೆ. ಬಾಣಂತಿಯ ಪಥ್ಯ ನೋಡಿ: ಪಾಲಿಶ್ ಅಕ್ಕಿಯ ಅನ್ನ, ಅದೂ ಗಂಜಿ ಬಸಿದದ್ದು, ಮೇಲೆ ಮೆಣಸಿನ ತಿಳಿಸಾರು, ತುಪ್ಪ. ಬೇಳೆ ಇಲ್ಲ, ತರಕಾರಿ ಇಲ್ಲ. ಅಕ್ಕಿಯ ಬಿ1 ಹೆಚ್ಚಾಗಿ ಇರುವುದು ತವುಡಿನಲ್ಲಿ, ಅದು ಪಾಲಿಶ್ ಮಾಡುವಾಗಲೇ ಹೋಯಿತು, ಉಳಿದದ್ದು ಗಂಜಿಯ ಜೊತೆ ಹೋಯಿತು. ಇಂಥ ಪಥ್ಯ ವಾರಗಟ್ಟಲೆ ನಡೆದರೆ ಎದೆಹಾಲು ಮಾತ್ರ ಕುಡಿಯುವ ಕೂಸು ಎರಡು ಮೂರು ತಿಂಗಳಿಗೆ ಹಾಲು ಕುಡಿಯುವುದನ್ನೇ ಬಿಡಬಹುದು, ಅಳುವ ದನಿ ಒಡೆಯಬಹುದು, ಏದುಸಿರು ಬರಬಹುದು. ಹೃದಯ ಸೋಲುತ್ತಿರುವ ಲಕ್ಷಣ ಅದು, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಬೇಗ ಪತ್ತೆಯಾದರೆ ಬಿ1 ಇಂಜೆಕ್ಷನ್‌ಗೆ ಬಹಳ ಬೇಗ ಚೇತರಿಸಿಕೊಳ್ಳುತ್ತದೆ.

ಅಜ್ಜಿಯರ ಅಡುಗೆಯನ್ನೆಲ್ಲ ಬಿಸಾಕಿ ಅನ್ನುತ್ತಿಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆ ಇರಲಿ. ಬಾಣಂತಿಗೆ ನೀರು ಕೊಡಬಾರದು, ಬೇಳೆ ವಾಯು ಅನ್ನುವುದನ್ನು ಮಾತ್ರ ಬಿಡಿ. ಹಾಲೂಡುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲರಿ, 17 ಗ್ರಾಂ ಪ್ರೋಟೀನ್ ಹೆಚ್ಚು ಬೇಕು. ಒಂದು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಕಡಲೆಕಾಯಿ ಬೀಜ ಸೇರಿದರೆ ಪ್ರೋಟೀನ್ ಲೆಕ್ಕ ಚುಕ್ತಾ. ಮೊಟ್ಟೆ, ಮೀನು ಮುಟ್ಟದವರು ಬಿ12 ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಹಾಲು ಮೊಸರೂ ಕಡಿಮೆಯಿದ್ದರಂತೂ ತಪ್ಪಿಸಬೇಡಿ.

ಹಾಲಿನ ಪ್ರಮಾಣ ನಿಂತಿರುವುದು ಎಷ್ಟು ಸಲ ತೆಗೆಯುತ್ತೀರಿ ಅನ್ನುವುದರ ಮೇಲೆ. ಹೆರಿಗೆಯಾದ ಮೊದಲ ಗಂಟೆಗಳಲ್ಲೇ ಕೈಯಿಂದ ಹಿಂಡಲು ಶುರು ಮಾಡಬೇಕು. ಗಿಣ್ಣುಹಾಲು ನಾಲ್ಕು ಹನಿ ಬಂದರೂ ಅದು ಮಗುವಿಗೇ. ಆಮೇಲೆ ದಿನಕ್ಕೆ 8ರಿಂದ 10 ಸಲ, ರಾತ್ರಿ ಒಂದು ಸಲವಾದರೂ. "ಮಗು ಹೇಗೂ ಎದೆಗೆ ಬರ್ತಿಲ್ಲ, ಅವಳು ಮಲಗಲಿ" ಅಂತ ರಾತ್ರಿಯೆಲ್ಲ ಬಿಟ್ಟರೆ ಎರಡನೇ ವಾರಕ್ಕೆ ಹಾಲು ಬತ್ತತೊಡಗುತ್ತದೆ.

ಫ್ರಿಜ್‌ನಲ್ಲಿಟ್ಟ ಹಾಲಿನ ಕೆನೆ ಮೇಲೆ ಬಂದು ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಹಾಗೇ ಸುರಿದುಕೊಂಡರೆ ಕ್ಯಾಲರಿಯಲ್ಲಿ ಒಂದು ಪಾಲು ಬಾಟಲಿಯಲ್ಲೇ ಉಳಿಯಿತು. ಮೆಲ್ಲಗೆ ತಿರುಗಿಸಿ ಬೆರೆಸಿ, ಬಿಸಿನೀರಿನ ಬಟ್ಟಲಲ್ಲಿಟ್ಟು ಚಳಿ ಬಿಡಿಸಿ. ಒಲೆಯ ಮೇಲೂ ಬೇಡ, ಮೈಕ್ರೋವೇವ್‌ನಲ್ಲೂ ಬೇಡ. ಆಸ್ಪತ್ರೆಯಲ್ಲಿ ಸಿರಿಂಜ್ ಪಂಪ್‌ನಿಂದ ನಿಧಾನವಾಗಿ ಟ್ಯೂಬ್ ಮೂಲಕ ಮಗುವಿಗೆ ಹಾಲು ಹೋಗುತ್ತಿದ್ದರೆ ಸಿರಿಂಜ್‌ನ ಮೂತಿ ಮೇಲ್ಮುಖವಾಗಿರಬೇಕು, ಆಗ ತೇಲುವ ಕೊಬ್ಬು ಮೊದಲು ಹೋಗುತ್ತದೆ. ಇದನ್ನು ನರ್ಸಮ್ಮನವರ ಹತ್ತಿರ ಕೇಳಲು ಸಂಕೋಚ ಬೇಡ.