ಚೆನ್ನಾಗಿ ಓದುವವರಿಗೆ ಆಟೊಮೊಬೈಲ್ ಯಾಕಂತೆ!

ಬೆಳಿಗ್ಗೆಯಿಂದ ತಲೆ ಕಾದಿದೆ. ಬರೆದು ಇಳಿಸಿಕೊಳ್ಳುತ್ತೇನೆ, ಉದ್ದವಾಯಿತೆಂದು ಯಾರೂ ಬೈಯಬೇಡಿ.

ಅಕ್ಕನಿಗೆ ರಜೆ ಸಿಗಲಿಲ್ಲವೆಂದು ಅವಳ ಮಗಳ ಪೋಷಕರ ಸಭೆಗೆ ನಾನು ಹೋಗಿದ್ದೆ. ಸರ್ಕಾರಿ ಪ್ರೌಢಶಾಲೆ. ಹುಡುಗಿ ಈ ವರ್ಷ ಒಂಬತ್ತಕ್ಕೆ ಬಂದಿದ್ದಾಳೆ. ಒಂಬತ್ತರಿಂದ ತೃತೀಯ ಭಾಷೆಯ ಬದಲು ಎನ್‌ಎಸ್‌ಕ್ಯುಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯಲ್ಲಿ ಒಂದು ವೃತ್ತಿ ವಿಷಯ ತೆಗೆದುಕೊಳ್ಳಬಹುದು. ಆ ಶಾಲೆಯಲ್ಲಿ ಇರುವುದು ಆಟೊಮೊಬೈಲ್ ಮತ್ತು ಬ್ಯೂಟಿ ಆ್ಯಂಡ್ ವೆಲ್‌ನೆಸ್. ನಮ್ಮ ಹುಡುಗಿ ಯಾರನ್ನೂ ಕೇಳದೆ ಆಟೊಮೊಬೈಲ್ ಎಂದು ಬರೆದು ಕೊಟ್ಟಿದ್ದಳು. ತರಗತಿ ಶಿಕ್ಷಕಿ ಆ ಹಾಳೆಯನ್ನು ನನ್ನ ಮುಂದೆ ಹಿಡಿದು, “ಮೇಡಂ, ಇವಳು ಚೆನ್ನಾಗಿ ಓದುವ ಹುಡುಗಿ. ಇವಳಿಗೆ ಇದೆಲ್ಲ ಯಾಕೆ? ಹಿಂದಿ ಇಟ್ಟುಕೊಳ್ಳಲಿ. ಇದು ಓದು ತಲೆಗೆ ಹತ್ತದವರಿಗೆ” ಎಂದರು. ಹಾಗೆ ಓದು ತಲೆಗೆ ಹತ್ತದವರು ಅಲ್ಲೇ ಬಾಗಿಲ ಹತ್ತಿರ ಅಪ್ಪ ಅಮ್ಮಂದಿರ ಪಕ್ಕ ನಿಂತಿದ್ದರು. ಅವರಿಗೂ ಕಿವಿಯಿದೆ ಎನ್ನುವುದು ಆ ಶಿಕ್ಷಕಿಗೆ ಹೊಳೆಯಲಿಲ್ಲ. ನಾನು ಹಾಳೆ ಬದಲಿಸುವುದಿಲ್ಲ ಎಂದೆ. ಅವರು ಅದರ ಕೆಳಗೆ “ಪೋಷಕರ ಒತ್ತಾಯದ ಮೇರೆಗೆ” ಎಂದು ಬರೆದು ನನ್ನಿಂದ ಸಹಿ ಹಾಕಿಸಿಕೊಂಡರು, ಆಪರೇಷನ್‌ಗೆ ಮುಂಚೆ ಹಾಕಿಸಿಕೊಳ್ಳುವ ಹಾಗೆ.

ನನ್ನನ್ನು ಬಲ್ಲವರಿಗೆ ಇದು ಎಲ್ಲಿ ಚುಚ್ಚಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾನು ಜೆಒಸಿಯವಳು, ಅಂದರೆ ಪಿಯುಸಿಯ ಬದಲು ಉದ್ಯೋಗಾಧಾರಿತ ಕೋರ್ಸು (ಜಾಬ್ ಓರಿಯೆಂಟೆಡ್ ಕೋರ್ಸ್) ಓದಿದವಳು. ಲ್ಯಾಬ್ ಟೆಕ್ನೀಷಿಯನ್ ಕೋರ್ಸು ಓದಿ ಇವತ್ತಿಗೂ ಅದೇ ಕೆಲಸದಲ್ಲಿ ಅನ್ನ ತಿನ್ನುತ್ತಿರುವವಳು. ನೇಮಕಾತಿ ಪ್ರಕಟಣೆಗಳಲ್ಲಿ “ಪಿಯುಸಿ ಅಥವಾ ತತ್ಸಮಾನ” ಎನ್ನುವ ಸಾಲಿನ ಬಾಲದಲ್ಲಿ ಜೆಒಸಿಯೂ ಇರುತ್ತದೆ. ಆದರೆ ಮದುವೆ ಮಾತುಕತೆಯಲ್ಲಿ ಯಾರೂ ನೇಮಕಾತಿ ಪ್ರಕಟಣೆ ಓದುವುದಿಲ್ಲ. “ಓ, ಪಿಯುಸಿ ಸಿಗಲಿಲ್ಲವಾ?” ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಸಿಕ್ಕಿತ್ತು ಸ್ವಾಮಿ, ನನಗೆ ಬೇಡವಾಗಿತ್ತು. ಸೂಕ್ಷ್ಮದರ್ಶಕದ ಕೆಳಗೆ ರಕ್ತದ ಕಣ ನೋಡಬೇಕೆಂಬ ಆಸೆ ಇತ್ತು, ಅಷ್ಟೇ. ಹಾಗೆ ಹೇಳಿದರೆ ಸಮಜಾಯಿಷಿ ಕೊಡುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಕೊನೆಗೆ ಸರ್ಕಾರ ಆ ಕೋರ್ಸುಗಳನ್ನೇ ಮುಚ್ಚಿತು.

ಈಗ ಹೊಸ ಹೆಸರಿನಲ್ಲಿ ಅದೇ ಕಥೆ. ಇದೇನು ನಿನ್ನೆ ಮೊನ್ನೆ ಹುಟ್ಟಿದ ಯೋಚನೆಯಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್ ಮುಂದಿಟ್ಟಾಗ ಕೈಕಸುಬಿನ ಮೂಲಕವೇ ಉಳಿದೆಲ್ಲ ಪಾಠವೂ ನಡೆಯಬೇಕು ಎಂದಿದ್ದರು. 1964–66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಶಾಲಾ ಶಿಕ್ಷಣದ ಅಂಗವಾಗಿಸಿ ಎಂದಿತು. ಇಬ್ಬರೂ ಹೇಳಿದ್ದು ಎಲ್ಲ ಮಕ್ಕಳಿಗೂ ಎಂದು. ದಡ್ಡರಿಗೆ ಎಂದು ಯಾವ ಪುಟದಲ್ಲಿದೆ ತೋರಿಸಿ. 1986ರ ಶಿಕ್ಷಣ ನೀತಿ ಪ್ರೌಢಶಾಲೆಯ ಮೇಲಿನ ಹಂತದ ಶೇಕಡಾ 10ರಷ್ಟು ಮಕ್ಕಳು 1990ರೊಳಗೆ, ಶೇಕಡಾ 25ರಷ್ಟು 1995ರೊಳಗೆ ವೃತ್ತಿ ಕೋರ್ಸುಗಳಲ್ಲಿರಬೇಕು ಎಂದು ಗುರಿ ಹಾಕಿತು. ಅದು ಮುಟ್ಟಲಿಲ್ಲವೆಂದು 1992ರಲ್ಲಿ ಗಡುವನ್ನು 1995 ಮತ್ತು 2000ಕ್ಕೆ ತಳ್ಳಿದರು. 2020ರ ನೀತಿ ಬಂದು, 2025ರೊಳಗೆ ಕನಿಷ್ಠ ಶೇಕಡಾ 50ರಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕು ಎಂದಿತು. ಗುರಿಗಳಿಗಂತೂ ನಮ್ಮಲ್ಲಿ ಬರವಿಲ್ಲ. ಒಂಬತ್ತನೇ ತರಗತಿಯ ಬಾಗಿಲಲ್ಲಿ ನಿಂತು ಅಂಕಪಟ್ಟಿ ನೋಡಿ ಮಕ್ಕಳನ್ನು ಜರಡಿ ಹಿಡಿಯುವ ಅಭ್ಯಾಸ ಮಾತ್ರ ಯಾವ ನೀತಿಗೂ ಬಗ್ಗಲಿಲ್ಲ.

ಸಭೆ ಮುಗಿದ ಮೇಲೆ ಆಟೊಮೊಬೈಲ್ ಕೋಣೆ ನೋಡಿದೆವು. ಅರ್ಧ ಸೀಳಿದ ನಾಲ್ಕು ಸ್ಟ್ರೋಕ್ ಎಂಜಿನ್ನೊಂದನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದರು, ಪಕ್ಕಕ್ಕೆ ಕೈಯಲ್ಲಿ ತಿರುಗಿಸುವ ಹಿಡಿ. ಹತ್ತನೇ ತರಗತಿಯ ಹುಡುಗನೊಬ್ಬ ಹಿಡಿ ತಿರುಗಿಸುತ್ತಾ ತೋರಿಸಿದ. ಪಿಸ್ಟನ್ ಇಳಿಯಿತು, ಒಂದು ವಾಲ್ವ್ ತೆರೆಯಿತು. ಪಿಸ್ಟನ್ ಏರಿತು, ಎರಡೂ ವಾಲ್ವ್ ಮುಚ್ಚಿದವು. “ಈಗ ಇಲ್ಲಿ ಪ್ಲಗ್ ಕಿಡಿ ಹೊಡೆಯುತ್ತದೆ ಅಕ್ಕ” ಎಂದು ನನಗೇ ಹೇಳಿದ. ಪಿಸ್ಟನ್ ತಿರುಗಿಸುವ ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ವಾಲ್ವ್ ತೆರೆಯುವ ಮೇಲಿನ ಕ್ಯಾಮ್ ಒಂದೇ ಸುತ್ತು ಸುತ್ತುತ್ತದೆಯಲ್ಲ, ಅದು ಯಾಕೆ ಎಂದು ನಮ್ಮ ಹುಡುಗಿ ಕೇಳಿದಳು. ಅವನು ಹಿಡಿ ಬಿಟ್ಟು, ಗ್ರೀಸ್ ಮೆತ್ತಿದ ಬೆರಳಿನಿಂದ ಎರಡೂ ಹಲ್ಲುಗಾಲಿಗಳ ಹಲ್ಲುಗಳನ್ನು ಎಣಿಸುತ್ತಾ ಹೋದ. ಮೇಲಿನದರಲ್ಲಿ ಕೆಳಗಿನದರ ಎರಡರಷ್ಟು ಹಲ್ಲು. ಅವಳಿಗೆ ತಕ್ಷಣ ಅರ್ಥವಾಯಿತು, ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಇದು ಅನುಪಾತ. ಗಣಿತದ ಪುಸ್ತಕದಲ್ಲಿ ಇರುವ ಅದೇ ಅನುಪಾತ. ಆ ಹುಡುಗನಿಗೆ ಗಣಿತದಲ್ಲಿ ಎಷ್ಟು ಅಂಕ ಎಂದು ನಾನು ಕೇಳಲಿಲ್ಲ. ಶಿಕ್ಷಕಿ ಆಗಲೇ ಎಲ್ಲರ ಎದುರಿಗೆ ಹೇಳಿದ್ದರು.

ಅವನಿಗೆ ಇದನ್ನು ಕಲಿಸಿದ ತರಬೇತುದಾರ ಹೊರಗುತ್ತಿಗೆಯವರು. ಸಂಬಳ ಬಂದಾಗ ಬರುತ್ತದೆ ಎಂದು ನಕ್ಕರು. ನಾನು ನಗಲಿಲ್ಲ.

ಗೆಳತಿಯೊಬ್ಬಳಿಗೆ, ಅವಳೂ ಶಿಕ್ಷಕಿಯೇ, ಫೋನಿನಲ್ಲಿ ಇದನ್ನೆಲ್ಲ ಹೇಳಿ ಕೂಗಾಡಿದೆ. ಅವಳ ವಾದ ಇದು: ಹಿಂದಿಯಲ್ಲಿ ಎಡವಿ ಎಸ್ಸೆಸ್ಸೆಲ್ಸಿಯೇ ಕೈತಪ್ಪಿಹೋಗುವ ಮಕ್ಕಳಿರುತ್ತಾರೆ, ಅವರಿಗೆ ಇದೊಂದು ದಾರಿ, ಪಾಸಾದರೆ ಐಟಿಐ, ಡಿಪ್ಲೊಮಾ ಎಂದು ಎಲ್ಲಾದರೂ ಸೇರಿಕೊಳ್ಳುತ್ತಾರೆ, ಅದು ಒಳ್ಳೆಯದಲ್ಲವೇ? ಒಳ್ಳೆಯದೇ, ಯಾರು ಬೇಡವೆಂದರು? ಆದರೆ ಕಡಿಮೆ ಅಂಕದವರಿಗೆ ಬಾಗಿಲು ತೆರೆಯುವುದಕ್ಕೂ, ಜಾಸ್ತಿ ಅಂಕದವರು ಬಂದರೆ ಅದೇ ಬಾಗಿಲಿಗೆ ಅಡ್ಡ ನಿಲ್ಲುವುದಕ್ಕೂ ಏನು ಸಂಬಂಧ? ಅಡ್ಡ ನಿಂತ ಕೂಡಲೇ ಒಳಗಿರುವವರೆಲ್ಲ ಸೋತವರಾಗುತ್ತಾರೆ. ಅವಳು “ನಿನಗೆ ಶಾಲೆಯ ಫಲಿತಾಂಶದ ಒತ್ತಡ ಗೊತ್ತಿಲ್ಲ” ಎಂದಳು. ಗೊತ್ತಿಲ್ಲ, ನಿಜ. ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ.

ಇನ್ನೊಂದು ಮಾತು ಮಾತ್ರ ನನ್ನನ್ನು ತಡೆದು ನಿಲ್ಲಿಸುತ್ತದೆ. ಹದಿನಾಲ್ಕು ವರ್ಷದ ಮಗುವಿಗೆ ಕಸುಬು ಕಲಿಸುವುದೆಂದರೆ ಬಡವರ ಮಕ್ಕಳನ್ನು ಮತ್ತೆ ಅಪ್ಪನ ಕಸುಬಿಗೇ ಕಟ್ಟಿಹಾಕುವುದು ಎನ್ನುವವರಿದ್ದಾರೆ. ಅವರ ಭಯಕ್ಕೆ ಬುಡವಿದೆ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ಮುಖ್ಯಮಂತ್ರಿ ರಾಜಾಜಿ ಅರ್ಧ ಹೊತ್ತು ಶಾಲೆ, ಉಳಿದರ್ಧ ಮನೆಯ ಕಸುಬು ಎಂಬ ಯೋಜನೆ ತಂದಾಗ ಜನ ಅದನ್ನು ಕುಲಕಲ್ವಿ, ಅಂದರೆ ಕುಲಕಸುಬಿನ ಶಿಕ್ಷಣ, ಎಂದು ಕರೆದು ತಿರುಗಿಬಿದ್ದರು. 1954ರಲ್ಲಿ ಕಾಮರಾಜರು ಮುಖ್ಯಮಂತ್ರಿಯಾದ ಮೇಲೆ ಅದು ರದ್ದಾಯಿತು. ಸರಿಯಾಗಿಯೇ ಆಯಿತು. ಆದರೆ ನಾನು ಇವತ್ತು ಕಂಡದ್ದು ಏನು? ಗ್ಯಾರೇಜಿನವರ ಮಗ ಆಟೊಮೊಬೈಲಿಗೆ, ಮಾರ್ಕ್ಸು ಕಡಿಮೆ ಬಂದ ಹುಡುಗಿಯರೆಲ್ಲ ಸಾಲಾಗಿ ಬ್ಯೂಟಿಗೆ, ತರಗತಿಗೆ ಮೊದಲು ಬಂದವಳು ಹಿಂದಿಗೆ. ಕುಲಕಲ್ವಿಗೆ ಇನ್ನೇನು ಬಾಕಿ ಉಳಿಯಿತು? ತರಗತಿಗೆ ಮೊದಲು ಬಂದವಳ ಕೈಗೂ ಸ್ಪ್ಯಾನರ್ ಬಂದ ದಿನ ಈ ಭಯ ಅರ್ಧ ಇಳಿಯುತ್ತದೆ. ನಮ್ಮ ಹುಡುಗಿಗೆ ಅದೇ ದಿನವನ್ನೇ ಬೇಡ ಎನ್ನುತ್ತಿದ್ದಾರೆ. (ಹಿಂದಿ ಬೇಕೋ ಬೇಡವೋ ಎಂಬ ಜಗಳ ದಯವಿಟ್ಟು ಇಲ್ಲಿ ತರಬೇಡಿ. ಅದಕ್ಕೆ ಬೇರೆ ದಿನ ತಲೆ ಕಾಯಿಸಿಕೊಳ್ಳೋಣ.)

ಇದೆಲ್ಲದರ ತಮಾಷೆ ಏನು ಗೊತ್ತೇ? ನಮ್ಮ ಅಪಾರ್ಟ್‌ಮೆಂಟಿನ ಒಬ್ಬರ ಮಗ ಸಿಬಿಎಸ್‌ಇ ಶಾಲೆಯಲ್ಲಿ ಒಂಬತ್ತನೆಯದು. ಆರನೇ ವಿಷಯವಾಗಿ ಕೃತಕ ಬುದ್ಧಿಮತ್ತೆ ತೆಗೆದುಕೊಂಡಿದ್ದಾನೆಂದು ಅವರು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಾರೆ. ಸಂಜೆ ಲಿಫ್ಟಿನಲ್ಲಿ ಸಿಕ್ಕಿದರು, ನಾನು ಸಭೆಯ ಕಥೆ ಹೇಳಿದೆ. “ಪಾಪ, ಸರ್ಕಾರಿ ಶಾಲೆಗಳಲ್ಲಿ ಇಂಥದ್ದಕ್ಕೆಲ್ಲ ಹಾಕಿಬಿಡುತ್ತಾರೆ” ಎಂದು ಮರುಕಪಟ್ಟರು. ಅವರ ಮಗನ ವಿಷಯವೂ ಎನ್‌ಎಸ್‌ಕ್ಯುಎಫ್ ಚೌಕಟ್ಟಿನ ಕೌಶಲ ವಿಷಯವೇ, ಸಂಕೇತ 417, ಹತ್ತನೇ ತರಗತಿಯಲ್ಲಿ ಗಣಿತವೋ ವಿಜ್ಞಾನವೋ ಕೈಕೊಟ್ಟರೆ ಅದರ ಜಾಗದಲ್ಲಿ ಇದರ ಅಂಕವನ್ನೇ ಕೂರಿಸಿ ಪಾಸು ಮಾಡುತ್ತಾರೆ ಎಂದು ನಾನು ಬಹಳ ಸಮಾಧಾನದಿಂದ ವಿವರಿಸಿದೆ. ಅವರು ಎರಡನೇ ಮಹಡಿಯಲ್ಲೇ ಇಳಿದುಹೋದರು. ಅವರ ಮನೆ ಇರುವುದು ನಾಲ್ಕನೆಯದರಲ್ಲಿ.