ಕೂದಲಿಗೆ ಬಜೆ

ಕೊರಿಯಾಕ್ಕೆ ಬಂದು ಮೂರು ವರ್ಷವಾಯಿತು. ನನ್ನ ಕೊರಿಯನ್ ಮಾತ್ರ ಇನ್ನೂ ಅಂಬೆಗಾಲಿಡುತ್ತಿದೆ. ತರಕಾರಿ ಕೊಳ್ಳಬಲ್ಲೆ, ಬಸ್ಸಿನಲ್ಲಿ ನನ್ನ ಸ್ಟಾಪ್ ಯಾವುದೆಂದು ತಿಳಿಯಬಲ್ಲೆ. ಮಿಕ್ಕಿದ್ದಕ್ಕೆಲ್ಲ ಒಂದೇ ಉತ್ತರ: ‘ನೇ.’ ಹೌದು ಅಂತ. ಯಾರು ಏನು ಕೇಳಿದರೂ ಹೌದು ಅಂದುಬಿಟ್ಟರೆ ಅರ್ಧ ಕಷ್ಟ ಕಳೆಯುತ್ತದೆ. ಹಾಗಂದೇ ಒಮ್ಮೆ ಸಲೂನಿನಲ್ಲಿ ಸೊಂಟದವರೆಗಿದ್ದ ಜಡೆಯನ್ನು ಭುಜಕ್ಕೆ ತಂದುಕೊಂಡೆ.

ಬೇಸಿಗೆ ಬಂತೆಂದರೆ ನಮ್ಮಂಥ ‘ವೇಗುಗಿನ್’ಗಳ ಫೋನು ಸುಮ್ಮನಿರುವುದಿಲ್ಲ. ವೇಗುಗಿನ್ ಅಂದರೆ ಹೊರದೇಶದವರು. ದೇಗು ಊರಿನ ಚಿಕನ್-ಬಿಯರ್ ಹಬ್ಬಕ್ಕೆ ಯಾರು ಬರ್ತೀರಿ? ಬೋರ್ಯಂಗ್ ಕೆಸರಿನ ಹಬ್ಬಕ್ಕೆ ಎಷ್ಟು ಜನ? ಈ ಕೆಸರಿನ ಹಬ್ಬ 1998ರಲ್ಲಿ ಶುರುವಾದದ್ದು, ಅಲ್ಲಿಯ ಕಡಲ ಕೆಸರಿನಿಂದ ಮಾಡಿದ ಸೌಂದರ್ಯ ಸಾಮಗ್ರಿಗೆ ಪ್ರಚಾರ ಕೊಡಲಿಕ್ಕೆ. ನಾನೂ ಒಮ್ಮೆ ದುಡ್ಡು ಕೊಟ್ಟು ಟಿಕೆಟ್ ತಗೊಂಡು ಕೆಸರಿಗೆ ಬಿದ್ದು ಬಂದೆ. ಫೋಟೋ ನೋಡಿ ಅಮ್ಮ, ‘ನಾಟಿ ಮಾಡೋಕೆ ಗದ್ದೆಗೆ ಬಾ ಅಂದ್ರೆ ಕಾಲು ಕೊಳೆಯಾಗತ್ತೆ ಅಂತಿದ್ದೆ’ ಅಂದರು. ಅಲ್ಲಿ ಎಲ್ಲಿ ನೋಡಿದರೂ ನಮ್ಮಂಥವರೇ. ಇಂಗ್ಲಿಷಿನಲ್ಲೇ ಜಾರಬಹುದು, ಇಂಗ್ಲಿಷಿನಲ್ಲೇ ಬೀಳಬಹುದು.

ಗಾಂಗ್‌ನುಂಗ್ ಊರಿನ ದಾನೋ ಹಬ್ಬ ಹಾಗಲ್ಲ. ಸೋಲ್‌ನಿಂದ ರೈಲಿನಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ, ಪೂರ್ವದ ಕಡಲ ಪಕ್ಕದ ಊರು. ಅವರ ಚಾಂದ್ರಮಾನದ ಐದನೇ ತಿಂಗಳ ಐದನೇ ದಿನ ದಾನೋ. ನಮ್ಮ ಲೆಕ್ಕಕ್ಕೆ ಸುಮಾರಾಗಿ ಜ್ಯೇಷ್ಠದ ಪಂಚಮಿ. 2005ರಲ್ಲಿ ಯುನೆಸ್ಕೋ ಇದಕ್ಕೆ ಮನ್ನಣೆ ಕೊಟ್ಟಿತು. ಊರವರಿಗೆ ಅದಕ್ಕಿಂತ ದೊಡ್ಡ ವಿಷಯ ಅಕ್ಕಿ. ಮನೆಮನೆಯವರು ಕೊಟ್ಟ ಅಕ್ಕಿಯಿಂದ ದೇವರಿಗೆ ಕಳ್ಳು ತಯಾರಾಗುತ್ತದೆ, ಹಬ್ಬದಲ್ಲಿ ಬಂದವರಿಗೂ ಒಂದು ಲೋಟ ಸಿಗುತ್ತದೆ. ಹೊಳೆಯ ದಂಡೆಯುದ್ದಕ್ಕೂ ಡೇರೆಗಳು, ಥೇಟ್ ನಮ್ಮ ಜಾತ್ರೆ. ಸಾಕ್ಸ್ ಮಾರುವವನು ಮೈಕಿನಲ್ಲಿ ಕೂಗುವ ರಾಗ ಕೂಡ ಅದೇ. ಎತ್ತರದ ಜೋಕಾಲಿಯಲ್ಲಿ ಹೆಂಗಸರು ನಿಂತುಕೊಂಡೇ ಜೀಕುತ್ತಿದ್ದರು. ನಾಗರ ಪಂಚಮಿಯಲ್ಲಿ ಧಾರವಾಡದ ಕಡೆ ಹೀಗೇ ಜೀಕುತ್ತಾರಲ್ಲ ಅಂತ ಯಾರಿಗಾದರೂ ಹೇಳಬೇಕೆನಿಸಿತು. ಹೇಳೋದು ಹೇಗೆ?

ಮುಖವಾಡದ ಆಟ ನೋಡಲು ಚಾಪೆಯ ಮೇಲೆ ಕೂತೆ. ಒಂದಕ್ಷರ ಅರ್ಥವಾಗಲಿಕ್ಕಿಲ್ಲ ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ನೋಡಿದರೆ ಆಟದಲ್ಲಿ ಮಾತೇ ಇಲ್ಲ! ಕೊರಿಯಾದ ಮುಖವಾಡದ ಆಟಗಳಲ್ಲಿ ಮೂಕಾಟ ಇದೊಂದೇ. ಯಾಂಗ್‌ಬಾನ್ ಅಂದರೆ ದೊಡ್ಡಮನೆಯ ಸಾಹುಕಾರ. ಉದ್ದ ಗಡ್ಡ, ಚೂಪು ಟೋಪಿ. ಅವನಿಗೆ ಸೋಮೆ ಗಾಕ್ಸಿ ಎಂಬ ಹುಡುಗಿಯ ಮೇಲೆ ಆಸೆ. ಇಬ್ಬರು ಪುಂಡರು ಅವಳನ್ನು ಎಳೆದುಕೊಂಡು ಹೋಗಿ ಕುಣಿಸುತ್ತಾರೆ. ಸಾಹುಕಾರನಿಗೆ ಸಂಶಯ. ತಾನು ತಪ್ಪು ಮಾಡಿಲ್ಲ ಅಂತ ತೋರಿಸಲು ಅವಳು ಅವನದೇ ಗಡ್ಡಕ್ಕೆ ನೇಣು ಹಾಕಿಕೊಳ್ಳುತ್ತಾಳೆ! ಆಮೇಲೆ ಏಳುತ್ತಾಳೆ, ಎಲ್ಲ ಸರಿಹೋಗುತ್ತದೆ. ಹಿಂದೆ ಇದನ್ನು ಆಡುತ್ತಿದ್ದವರು ಸರ್ಕಾರಿ ಕಚೇರಿಯ ಗುಲಾಮರು. ಯಜಮಾನರನ್ನು ಗೇಲಿ ಮಾಡುವಾಗ ಬಾಯಿ ಬಿಡದಿರುವುದೇ ಕ್ಷೇಮ ಅಂತ ಇದ್ದಿರಬೇಕು, ಇದು ನನ್ನ ಊಹೆ. ಯಕ್ಷಗಾನದ ಅರ್ಥಗಾರಿಕೆ ಕೇಳಿ ಬೆಳೆದ ನನಗೆ ಮಾತಿಲ್ಲದ ಆಟ ಸಪ್ಪೆಯಾಗಬೇಕಿತ್ತು. ಆಗಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಪಕ್ಕದವರ ಜೊತೆಗೇ ನಕ್ಕೆ. ಯಾವಾಗಲೂ ಅವರು ನಕ್ಕ ಮೇಲೆ ನಾನು ನಗುವುದು.

ಆಮೇಲೆ ಸಿಕ್ಕಿದ್ದು ತಲೆ ತೊಳೆಯುವ ಡೇರೆ. ದಾನೋ ದಿನ ‘ಚಾಂಗ್‌ಪೊ’ ಕುದಿಸಿದ ನೀರಲ್ಲಿ ಹೆಂಗಸರು ತಲೆ ತೊಳೆಯುವುದು ಹಳೇ ಪದ್ಧತಿ. ಕೂದಲು ಮಿರಮಿರ ಅನ್ನುತ್ತದಂತೆ, ಕೆಟ್ಟದ್ದು ಹತ್ತಿರ ಸುಳಿಯುವುದಿಲ್ಲವಂತೆ. ಕತ್ತಿಯಂಥ ಹಸಿರು ಎಲೆಗಳ ಕಟ್ಟು, ಅದರ ಪಕ್ಕ ಚಹಾ ಬಣ್ಣದ ನೀರಿನ ಬೋಗುಣಿ. ಹಾಲ್ಮೊನಿ ಒಬ್ಬರು, ಅಂದರೆ ಅಜ್ಜಿ, ಏನೋ ಕೇಳಿದರು. ‘ನೇ’ ಅಂದೆ. ಬಗ್ಗಿಸಿಯೇಬಿಟ್ಟರು.

ಸೋರೆಬುರುಡೆಯಲ್ಲಿ ಮೊಗೆದ ಮೊದಲ ನೀರು ತಲೆಗೆ ಬಿತ್ತು. ಮೂಗಿಗೆ ಏನೋ ಹೊಡೆಯಿತು. ಖಾರವೂ ಅಲ್ಲದ, ಸಿಹಿಯೂ ಅಲ್ಲದ ಮಣ್ಣುಮಣ್ಣು ಘಮ. ಇದು ನಮ್ಮ ಬಾಣಂತಿ ಕೋಣೆಯ ವಾಸನೆ ಅಲ್ವಾ? ತೇಯುವ ಕಲ್ಲು, ತುಪ್ಪ, ಅಜ್ಜಿಯ ಬೆರಳು. ಬಜೆ! ಒದ್ದೆ ಕೈಯಲ್ಲೇ ಫೋನು ತೆಗೆದು ನೋಡಿದೆ. ಹೌದು, ಅದೇ ಗಿಡ. ನಾವು ಬೇರನ್ನು ದಾರಕ್ಕೆ ಪೋಣಿಸಿ ಮಗುವಿನ ಕೈಗೆ ಕಟ್ಟುತ್ತೇವೆ, ದೃಷ್ಟಿ ತಾಗದಿರಲಿ ಅಂತ. ಇವರು ಬೇರನ್ನು ಕೆತ್ತಿ, ಕೆಂಪು ಬಳಿದು, ಮುಡಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅದೇ ಭಯ, ಅದೇ ಬೇರು.

ಆದರೆ ನಾವು ಬಜೆಯನ್ನು ತೇಯ್ದು ಮಗುವಿನ ನಾಲಿಗೆಗೂ ಹಚ್ಚುತ್ತೇವೆ. ಯಾಕೆ? ಮಾತು ಬೇಗ ಬರಲಿ ಅಂತ.

ನೆನಪಾದದ್ದೇ ತಡ, ಬೋಗುಣಿಯಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡೆ. ಹಾಲ್ಮೊನಿ ಸೋರೆಬುರುಡೆ ಕೈಬಿಟ್ಟು, ‘ಐಗೋ!’ ಅಂತ ಕೂಗಿದರು. ನಮ್ಮ ಅಯ್ಯೋ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ. ಓಡಿಹೋಗಿ ಒಂದು ಲೋಟ ಬಾರ್ಲಿ ಚಹಾ ತಂದು, ಬಾಯಿ ಮುಕ್ಕಳಿಸಿ ಉಗಿ ಅಂತ ಸನ್ನೆ ಮಾಡಿದರು. ‘ನೇ’ ಅಂದೆ. ಅವರು ಟವೆಲ್ ತೆಗೆಯಲು ಆ ಕಡೆ ತಿರುಗಿದಾಗ ನುಂಗಿಬಿಟ್ಟೆ.