ರಾಡಿಯಿಲ್ಲದ ನಕ್ಷತ್ರ

ಮಿಂಚಿನ ಪುಡಿ ನಮ್ಮ ಮನೆಯೊಳಗೆ ಕಾಲಿಟ್ಟದ್ದು ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ. ಇನ್ನೂ ಹೊರಟುಹೋಗಿಲ್ಲ. ಅಂಗೈಯಗಲದ ಡಬ್ಬಿ, ಮುಚ್ಚಳ ತೆಗೆದ ಮೊಮ್ಮಗ ಒಂದು ಸಲ ಸೀನಿದ, ಅಷ್ಟೇ. ಸಂಕ್ರಾಂತಿಯಲ್ಲಿ ಸಜ್ಜೆ ರೊಟ್ಟಿಯ ಮೇಲೆ ಎಳ್ಳಿನ ನಡುವೆ ಅದು ಮಿನುಗಿತು. ಯುಗಾದಿಗೆ ಕೌದಿ ಕೊಡವಿದಾಗಲೂ ಮಿನುಗಿತು.

ಆದ್ದರಿಂದ ಈ ಸಲ ಮೊದಲೇ ಕರಾರು ಮಾಡಿದೆ: ಕ್ರಿಸ್‌ಮಸ್‌ಗೆ ಏನು ಬೇಕಾದರೂ ಮಾಡೋಣ, ಮನೆ ರಾಡಿ ಆಗಬಾರದು. ಕರಾರಿಗೆ ತಲೆಯಾಡಿಸಿದವರು ಇಬ್ಬರು. ಒಬ್ಬ ನಾಲ್ಕು ವರ್ಷದ ಮೊಮ್ಮಗ, ಇನ್ನೊಬ್ಬಳು ಎದುರು ಮನೆಯ ಆರು ವರ್ಷದ ಹುಡುಗಿ. ಬೀದರಿನ ನಮ್ಮ ಓಣಿಯಲ್ಲಿ ಮೆಥೋಡಿಸ್ಟ್ ಚರ್ಚಿಗೆ ಹೋಗುವ ಮನೆಗಳು ನಾಲ್ಕೈದಿವೆ. ಚಳಿ ಬಿತ್ತೆಂದರೆ ಅವರ ಬಾಗಿಲಿಗೆ ಕಾಗದದ ನಕ್ಷತ್ರ ಏರುತ್ತದೆ, ನಮ್ಮವನು ತನಗೂ ಒಂದು ಬೇಕೆಂದು ನೆಲಕ್ಕೆ ಉರುಳುತ್ತಾನೆ.

ಮೊದಲ ದಿನ ಕ್ರಿಸ್‌ಮಸ್‌ ಗಿಡ. ಅಂಟು ಬೇಡ, ಬಣ್ಣ ಬೇಡ. ಹಳೆಯ ಲಗ್ನಪತ್ರಿಕೆಯೊಂದನ್ನು ಮೂರು ಮೂಲೆಯಾಗಿ ಕತ್ತರಿಸಿ ಗೋಡೆಗೆ ಒರಗಿಸಿದೆ. ಅಲಂಕಾರಕ್ಕೆ ನಾನು ಹಣೆಗಿಡುವ ಟಿಕಳಿಯ ಪಾಕೀಟುಗಳನ್ನು ತೆರೆದುಕೊಟ್ಟೆ. ಬೆನ್ನಿಗೇ ಅಂಟು ಹೊತ್ತುಕೊಂಡು ಬರುವ ಇಂಥ ಸಾಮಾನನ್ನು ಬಿಟ್ಟು ಜನ ಗೋಂದಿನ ಬಾಟಲಿಗೆ ಯಾಕೆ ಹೋಗುತ್ತಾರೋ! ಎಳೆಯ ಬೆರಳಿನಿಂದ ಟಿಕಳಿಯನ್ನು ಹಾಳೆಯಿಂದ ಬಿಡಿಸುವುದೇ ಅರ್ಧ ತಾಸಿನ ಕೆಲಸ. ನಾಲಿಗೆಯನ್ನು ತುಟಿಯ ಅಂಚಿಗೆ ತಂದು, ಉಸಿರು ಬಿಗಿಹಿಡಿದು, ಉಗುರು ತಾಗಿಸಿ ಅವನು ಒಂದೊಂದನ್ನೇ ಎಬ್ಬಿಸಿದ. ಅಷ್ಟು ಹೊತ್ತು ಮನೆಯಲ್ಲಿ ಮಾತಿಲ್ಲ. ನಾನು ಒಂದು ಮೊರ ತೊಗರಿಬೇಳೆ ಆರಿಸಿ ಮುಗಿಸಿದೆ.

ಮರುದಿನ ನಕ್ಷತ್ರ. ಊರಿನ ಬಣವಿಯಿಂದ ಜೋಳದ ಒಣ ಕಣಿಕೆ ಒಂದು ಹಿಡಿ ತರಿಸಿದ್ದೆ. ಚಿಕ್ಕಂದಿನಲ್ಲಿ ನಾವು ಅದರಲ್ಲೇ ಬಂಡಿ, ಎತ್ತು ಎಲ್ಲ ಮಾಡುತ್ತಿದ್ದೆವು. ಮೇಲಿನ ಸಿಪ್ಪೆಯನ್ನು ಉದ್ದಕ್ಕೆ ಸೀಳಿದರೆ ಕಡ್ಡಿ, ಒಳಗಿನದು ಮೆತ್ತನೆಯ ಬೆಂಡು. ಬೆಂಡಿಗೆ ಕಡ್ಡಿ ಚುಚ್ಚಿದರೆ ಮುಗಿಯಿತು, ಹಿಡಿದುಕೊಂಡು ಕೂರುತ್ತದೆ. ಸಿಪ್ಪೆಯ ಅಂಚು ಬ್ಲೇಡಿನಂತೆ ಕೊಯ್ಯುವುದರಿಂದ ಸೀಳುವ ಕೆಲಸ ನನ್ನದು, ಚುಚ್ಚುವ ಕೆಲಸ ಮಕ್ಕಳದು. ಬೆಂಡಿನ ತುಂಡಿನಿಂದ ಎಲ್ಲ ದಿಕ್ಕಿಗೂ ಕಡ್ಡಿ ಹೊರಟು ಒಂದು ಮುಳ್ಳುಹಂದಿ ತಯಾರಾಯಿತು. “ಇದು ನಕ್ಷತ್ರವೇ ಅಲ್ಲ ಅಜ್ಜಿ, ನಕ್ಷತ್ರಕ್ಕೆ ಐದೇ ಮೂಲೆ,” ಎಂದಳು ಹುಡುಗಿ. ಇವೆಲ್ಲ ಅವಳ ಮನೆಯ ಹಬ್ಬದ ವಿಷಯ, ಅವಳ ಮಾತೇ ಕಾನೂನು. ಆದರೂ ನಾನು ಬಿಟ್ಟುಕೊಡಲಿಲ್ಲ. ಜರ್ಮನಿಯ ನೀಸ್ಕಿ ಎಂಬ ಊರಿನ ಮೊರಾವಿಯನ್ ಎಂಬ ಕ್ರೈಸ್ತ ಪಂಥದವರ ಶಾಲೆಯಲ್ಲಿ 1830ರ ದಶಕದಲ್ಲಿ ರೇಖಾಗಣಿತದ ಪಾಠಕ್ಕೆಂದು ಮಾಡಿದ ಕಾಗದದ ನಕ್ಷತ್ರವೇ ಆಮೇಲೆ ಕ್ರಿಸ್‌ಮಸ್‌ ನಕ್ಷತ್ರವಾಯಿತು, ಅದಕ್ಕೆ ಸಾಮಾನ್ಯವಾಗಿ 26 ಮೊನೆ, ಎಂದೆ. ಅವಳು ನಮ್ಮದನ್ನು ಎಣಿಸಿದಳು. ಹದಿನೇಳು. “ಇನ್ನೂ ಒಂಬತ್ತು ಸೀಳಿಕೊಡಿ,” ಎಂದಳು.

ಬೆಂಡನ್ನು ನಾನು ಮರೆತಿದ್ದೆ. ಚುಚ್ಚಿದಂತೆಲ್ಲ ಅದು ಉದುರುತ್ತದೆ, ಉದುರಿದ್ದು ಹಾರುತ್ತದೆ, ಹಾರಿದ್ದು ಉಣ್ಣೆಯ ಸ್ವೆಟರಿಗೆ ಮೆತ್ತಿಕೊಳ್ಳುತ್ತದೆ. ಕಸಬರಿಗೆ ತಂದರೆ ಅದರ ಗಾಳಿಗೇ ಮುಂದೆ ಓಡುತ್ತದೆ. ಸಿಟ್ಟು ಬರಬೇಕಿತ್ತು, ನಗು ಬಂತು. ನಾವು ಇರುವುದಾದರೂ ಯಾವ ಊರಿನಲ್ಲಿ? ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಅಷ್ಟೆಲ್ಲ ನಾಜೂಕಿನ ಕೆಲಸ ಮುಗಿದ ಮೇಲೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಕಲಸಿ ಬಳಿಯುತ್ತಾರೆ ಬಿದರಿ ಕುಶಲಕರ್ಮಿಗಳು. ಆ ಕೆಸರು ತಾಗಿದ ಮೇಲೆಯೇ ಲೋಹ ಕಪ್ಪಾಗಿ ಬೆಳ್ಳಿ ಎದ್ದು ಕಾಣುವುದು. ಅಂಥ ಊರಿನಲ್ಲಿ ಕೂತು ನಾನು ರಾಡಿಯಿಲ್ಲದ ಕೈಕೆಲಸ ಹುಡುಕುತ್ತಿದ್ದೆ.

ಸಂಜೆ ನಕ್ಷತ್ರವನ್ನು ಬಾಗಿಲ ಚಿಲಕಕ್ಕೆ ಕಟ್ಟಿದೆವು. ಅಷ್ಟರಲ್ಲಿ ನಮ್ಮ ಮನೆಯವರು ಮಾರುಕಟ್ಟೆಯಿಂದ ಕಾಯಿಪಲ್ಲೆ ತಂದರು. ಇವತ್ತು ಯಾಕೋ ಎದುರಾದವರೆಲ್ಲ ನಗುನಗುತ್ತ ಮಾತನಾಡಿಸಿದರು, ಊರು ಸುಧಾರಿಸಿದೆ, ಎಂದು ಚೀಲ ಇಳಿಸಲು ಬಗ್ಗಿದರು. ಮಧ್ಯಾಹ್ನ ಅವರು ನಿದ್ದೆ ಹೋದಾಗ ಮೊಮ್ಮಗ ಪಕ್ಕದಲ್ಲೇ ಇದ್ದದ್ದು ಆಗ ನೆನಪಾಯಿತು. ಬೋಳು ನೆತ್ತಿಯ ಮೇಲೆ ಕೆಂಪು, ಹಸಿರು, ನೀಲಿ ಟಿಕಳಿಗಳು ಸಾಲಾಗಿ ಕೂತಿದ್ದವು. ಹುಡುಗಿ ಎಣಿಸತೊಡಗಿದಳು.